ಸುಗಂಧ ತೈಲ ಮತ್ತು ಹಾಲು ಕರೆಯುವ ತಾಯಂದಿರ ಮನಸ್ಸು



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಬರೆಯುತ್ತೇವೆ. ಈ ಸಂಚಿಕೆಯಲ್ಲಿ ಹಸುವಿನ ಬದಲು ಹಸುವನ್ನು ಕರೆಯುವವರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಪಶುವೈದ್ಯ; ಮನುಷ್ಯರಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸವಲ್ಲ. ಆದರೆ ದಿನವೂ ನಿಮ್ಮ ಕೊಟ್ಟಿಗೆಗಳಿಗೆ ಬರುವವನಾದ್ದರಿಂದ ಕಣ್ಣಿಗೆ ಬಿದ್ದದ್ದನ್ನು ಹೇಳದೆ ಬಿಡುವುದು ಸರಿಯಲ್ಲ ಎಂದು ತಿಳಿದು, ವೈದ್ಯ ಮಿತ್ರರನ್ನು ವಿಚಾರಿಸಿ ಈ ಲೇಖನ ಸಿದ್ಧಪಡಿಸಿದ್ದೇನೆ.

ಹಾಲು ವಾಪಸಾದ ಒಂದು ಬೆಳಿಗ್ಗೆ

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, "ಸಾರ್, ಒಬ್ಬ ಮಹಿಳಾ ಸದಸ್ಯರ ಹಾಲು ಮೂರು ದಿನದಿಂದ ಔಷಧಿ ವಾಸನೆ ಹೊಡೀತಿದೆ. ಹಿಂದಕ್ಕೆ ಕಳಿಸಿದ್ದೀವಿ. ಹಸುವಿಗೆ ಏನಾದ್ರೂ ಕೊಟ್ಟಿದ್ದಾರೇನೋ, ಬಂದು ನೋಡಿ" ಎಂದರು. ಆ ಸದಸ್ಯೆಯ ಹಾಲಿನ ಬಗ್ಗೆ ಅದುವರೆಗೆ ಒಂದು ದೂರೂ ಬಂದಿರಲಿಲ್ಲ. ಡಿಗ್ರಿ, ಫ್ಯಾಟು ಎರಡೂ ಚೆನ್ನಾಗಿರುತ್ತಿದ್ದವು. ಕ್ಯಾನು ಯಾವಾಗಲೂ ಬೆಳಗಿದಂತಿರುತ್ತಿತ್ತು.

ನಮ್ಮ ಮಹಿಳಾ ವಿಸ್ತರಣಾಧಿಕಾರಿಯವರನ್ನು ಜೊತೆಗೆ ಕರೆದುಕೊಂಡು ಹೋದೆ. ಎರಡು ಮಿಶ್ರತಳಿ ಹಸುಗಳಿದ್ದವು. ಜ್ವರವಿಲ್ಲ, ಕೆಚ್ಚಲು ಮೃದುವಾಗಿದೆ, ಮೆಲುಕು ಹಾಕುತ್ತಿವೆ. ಹಸುಗಳಿಗೆ ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಆದರೆ ಕೊಟ್ಟಿಗೆಯ ಕಿಟಕಿಯ ಮೇಲೆ ಒಂದು ಸಣ್ಣ ಸೀಸೆ ಇತ್ತು. ತೆರೆದು ಮೂಸಿದರೆ ನೀಲಗಿರಿ ಎಣ್ಣೆ, ಕರ್ಪೂರ ಸೇರಿದ ಘಾಟು. ಮನೆ ಬಾಗಿಲಿಗೆ ಮಾರಲು ಬಂದವರು "ಇದನ್ನು ಹಣೆಗೆ, ಕೈಗೆ ಹಚ್ಚಿಕೊಂಡರೆ ಚಿಂತೆ ಹೋಗುತ್ತೆ, ನಿದ್ರೆ ಬರುತ್ತೆ" ಎಂದು ಹೇಳಿ ಕೊಟ್ಟು ಹೋಗಿದ್ದರಂತೆ. ಆಕೆ ಬೆಳಿಗ್ಗೆ ಎದ್ದೊಡನೆ ಅದನ್ನು ತಿಕ್ಕಿಕೊಂಡು ಅದೇ ಕೈಯಲ್ಲಿ ಹಾಲು ಕರೆಯುತ್ತಿದ್ದರು. ಹಾಲಿನ ವಾಸನೆಯ ಗುಟ್ಟು ಅಷ್ಟೇ.

"ಹಸ ಚೆನ್ನಾಗೈತೆ ತಾಯಿ" ಎಂದೆ. ಆಕೆ ತಲೆ ತಗ್ಗಿಸಿ, "ಹಸ ಚೆನ್ನಾಗೈತೆ ಡಾಕ್ಟ್ರೇ, ನಂಗೇ ಏನೋ ಆಗೈತೆ" ಎಂದರು. ತೊಟ್ಟಿಲಲ್ಲಿ ನಾಲ್ಕು ತಿಂಗಳ ಮಗು ಮಲಗಿತ್ತು.

ಮುಂದೆ ಏನಾಯಿತು ಎಂಬುದನ್ನು ಲೇಖನದ ಕೊನೆಗೆ ಹೇಳುತ್ತೇನೆ. ಆ ಸೀಸೆಯಂಥದ್ದು ಇಂದು ಅನೇಕ ಮನೆಗಳಲ್ಲಿ ಇದೆ. ಅದರಿಂದ ಆಗುವ ಉಪಕಾರವೆಷ್ಟು, ಆಗದಿರುವುದೇನು ಎಂಬುದನ್ನು ಮೊದಲು ತಿಳಿಯೋಣ.

ಸುಗಂಧ ತೈಲ ಎಂದರೇನು?

ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಇವು ಜಿಡ್ಡಿನ ಎಣ್ಣೆಗಳು. ಇವು ಬೇಗ ಆರುವುದಿಲ್ಲ. ಸುಗಂಧ ತೈಲ ಬೇರೆ ಜಾತಿಯದು. ಗಿಡದ ಎಲೆ, ಹೂವು, ಸಿಪ್ಪೆ, ತೊಗಟೆ ಅಥವಾ ಕೊರಡಿನಲ್ಲಿ ಇರುವ, ಗಾಳಿಗೆ ಆರಿಹೋಗುವ ಘಮವಸ್ತುವೇ ಸುಗಂಧ ತೈಲ. ಸೊಪ್ಪನ್ನು ಹಂಡೆಗೆ ತುಂಬಿ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ತೈಲ ತೇಲುತ್ತದೆ. ನೀಲಗಿರಿ, ಮಜ್ಜಿಗೆ ಹುಲ್ಲು, ಲ್ಯಾವೆಂಡರ್ ತೈಲಗಳನ್ನು ಹೀಗೆಯೇ ತೆಗೆಯುತ್ತಾರೆ. ಕಿತ್ತಳೆ, ನಿಂಬೆಯ ತೈಲವನ್ನು ಸಿಪ್ಪೆ ಹಿಂಡಿ ತೆಗೆಯುತ್ತಾರೆ. ಮಲ್ಲಿಗೆ ಹೂವು ಹಬೆಯ ಶಾಖಕ್ಕೆ ತಾಳುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ವಿಧಾನಗಳಿವೆ.

ನಮ್ಮ ನಾಡಿಗೆ ಇದು ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನವು 1916ರಲ್ಲಿ ಗಂಧದ ಎಣ್ಣೆ ತೆಗೆಯುವ ಕೆಲಸವನ್ನು ಇಲ್ಲಿಯೇ ಆರಂಭಿಸಿತು. ಸುಗಂಧ ತೈಲಗಳನ್ನು ಆರೋಗ್ಯಕ್ಕಾಗಿ ಬಳಸುವ ಪದ್ಧತಿಗೆ 'ಅರೋಮಾಥೆರಪಿ' ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಫ್ರಾನ್ಸಿನ ರಸಾಯನ ತಜ್ಞ ಗಾಟ್‌ಫೋಸೆ. ಆ ಹೆಸರಿನ ಅವರ ಪುಸ್ತಕ ಪ್ರಕಟವಾದದ್ದು 1937ರಲ್ಲಿ.

ಇಲ್ಲಿ ಒಂದು ಲೆಕ್ಕ ಗಮನಿಸಿ. 100 ಕೆ.ಜಿ. ಹಸಿ ಮಜ್ಜಿಗೆ ಹುಲ್ಲಿನಿಂದ ಸಿಗುವ ತೈಲ ಹೆಚ್ಚೆಂದರೆ ಅರ್ಧ ಕೆ.ಜಿ.ಯ ಆಸುಪಾಸು. ಅಂದರೆ ಒಂದು ಹನಿಯಲ್ಲಿ ಒಂದು ಹಿಡಿ ಹುಲ್ಲಿನ ಸತ್ವ ಅಡಗಿರುತ್ತದೆ. ಸೊಪ್ಪು ಸಾಧುವಾದರೂ ಅದರ ತೈಲ ತೀಕ್ಷ್ಣ ಎಂಬುದನ್ನು ಇದರಿಂದ ಅರಿಯಬಹುದು.

ವಾಸನೆ ಮನಸ್ಸನ್ನು ಮುಟ್ಟುವ ಬಗೆ

ಈ ವಿಷಯದಲ್ಲಿ ನಮ್ಮ ಹಸುವೇ ಒಳ್ಳೆಯ ಗುರು. ಕರು ಹಾಕಿದ ಹಸು ಮೊದಲು ಮಾಡುವ ಕೆಲಸ ಕರುವನ್ನು ಮೂಸಿ ನೆಕ್ಕುವುದು. ಆ ವಾಸನೆಯಿಂದಲೇ ತನ್ನ ಕರುವನ್ನು ಬೇರೆ ಕರುಗಳಿಂದ ಗುರುತಿಸುತ್ತದೆ. ಹಸು ಬೆದೆಗೆ ಬಂದಿದೆಯೇ ಎಂದು ಹೋರಿ ತಿಳಿಯುವುದೂ ವಾಸನೆಯಿಂದಲೇ. ದಿನವೂ ಕರೆಯುವವರ ಕೈ, ಸದ್ದು, ವಾಸನೆ ಪರಿಚಿತವಾಗಿದ್ದರೆ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸದೂತ ಹೊರಟು ಹಾಲು ಇಳಿಯುತ್ತದೆ. ಹೊಸಬರು ಬಂದರೆ, ಹೊಡೆದರೆ, ಬೆದರಿಸಿದರೆ ಅಡ್ರಿನಲಿನ್ ಏರಿ ಹಸು ಹಾಲನ್ನು ಹಿಡಿದುಕೊಳ್ಳುತ್ತದೆ. ಮನಸ್ಸು ಕೆಟ್ಟರೆ ಮೈಯೂ ಕೆಡುತ್ತದೆ ಎಂಬುದನ್ನು ನೀವು ನಿತ್ಯ ಕಾಣುತ್ತಿದ್ದೀರಿ.

ಮನುಷ್ಯರಲ್ಲಿಯೂ ಮೂಗಿನಿಂದ ಹೊರಟ ಸಂದೇಶ ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗವನ್ನು ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಮೊದಲ ಮಳೆಗೆ ಮಣ್ಣಿನ ವಾಸನೆ ಬಂದಾಗ ಬಾಲ್ಯ ನೆನಪಾಗುವುದು, ಸಾಂಬ್ರಾಣಿ ಹೊಗೆಗೆ ತವರಿನ ಬಾಣಂತಿ ಕೋಣೆ ನೆನಪಾಗುವುದು ಇದರಿಂದಲೇ. ವಾಸನೆಯನ್ನು ಗ್ರಹಿಸುವ ಗ್ರಾಹಕಗಳ ಗುಟ್ಟನ್ನು ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂದಿತು. ಮನುಷ್ಯರಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಹಸುವಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು.

ಅಧ್ಯಯನಗಳು ಏನು ಹೇಳುತ್ತವೆ?

ಹೆಚ್ಚು ಅಧ್ಯಯನ ನಡೆದಿರುವುದು ಲ್ಯಾವೆಂಡರ್ ತೈಲದ ಮೇಲೆ. ಇದರಲ್ಲಿ ಲಿನಲೂಲ್ ಮತ್ತು ಲಿನಲಿಲ್ ಅಸಿಟೇಟ್ ಎಂಬ ಮುಖ್ಯ ಘಟಕಗಳಿವೆ. ಇದನ್ನು ಮೂಸಿದಾಗ ಆತಂಕ ಸ್ವಲ್ಪ ಇಳಿಯುತ್ತದೆ, ಕೆಲವರಿಗೆ ನಿದ್ರೆ ಸುಧಾರಿಸುತ್ತದೆ ಎಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅವುಗಳಲ್ಲಿ ಬಹುಪಾಲು ಚಿಕ್ಕವು. ಇನ್ನೊಂದು ತೊಡಕೂ ಇದೆ. ಮಾತ್ರೆಯ ಪರೀಕ್ಷೆಯಲ್ಲಿ ನಿಜವಾದ ಮಾತ್ರೆ ಯಾರಿಗೆ, ಬರಿಯ ಸಕ್ಕರೆ ಮಾತ್ರೆ ಯಾರಿಗೆ ಎಂಬುದನ್ನು ಮುಚ್ಚಿಡಬಹುದು. ವಾಸನೆಯನ್ನು ಹೇಗೆ ಮುಚ್ಚಿಡುವುದು? ಹೀಗಾಗಿ ತೈಲದ ಗುಣವೆಷ್ಟು, ನಂಬಿಕೆಯ ಗುಣವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಜರ್ಮನಿಯಲ್ಲಿ ಲ್ಯಾವೆಂಡರ್ ತೈಲದಿಂದ ತಯಾರಿಸಿದ 80 ಮಿಲಿಗ್ರಾಂ ಕ್ಯಾಪ್ಸೂಲು ಆತಂಕದ ಕಾಯಿಲೆಯಲ್ಲಿ ಉಪಯುಕ್ತವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಅದು ಅಳತೆಗೆ ತಯಾರಾದ ಔಷಧಿ. ಅದನ್ನು ನೆಪ ಮಾಡಿಕೊಂಡು ಪೇಟೆಯ ಸೀಸೆಯ ತೈಲವನ್ನು ಕುಡಿಯುವುದು ಅಪಾಯ.

ಶ್ರೀಗಂಧ, ಮಜ್ಜಿಗೆ ಹುಲ್ಲು, ಕಿತ್ತಳೆ ಸಿಪ್ಪೆ ಇವುಗಳ ಬಗ್ಗೆ ಇರುವ ಪುರಾವೆ ಇನ್ನೂ ಕಡಿಮೆ. ಘಮ ಇಷ್ಟವಾದವರಿಗೆ ಮನಸ್ಸು ಹಗುರವಾಗಬಹುದು, ಅಷ್ಟೇ.

ಸಾರಾಂಶವಿಷ್ಟು: ಸುಗಂಧ ತೈಲ ದಣಿದ ಮನಸ್ಸಿಗೆ ಸ್ವಲ್ಪ ಹೊತ್ತು ಸಮಾಧಾನ ಕೊಡಬಲ್ಲದು. ಮನಸ್ಸಿನ ಕಾಯಿಲೆಯನ್ನು ಅದು ಒಂದೇ ಗುಣಪಡಿಸಲಾರದು.

ಅಜ್ಜಿಯರ ಬಾಣಂತನದಲ್ಲಿದ್ದ ಗುಟ್ಟು

ನಮ್ಮ ಹಿರಿಯರು ಬಾಣಂತಿಗೆ ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹಾಕಿ, ಬೆಚ್ಚಗೆ ಮಲಗಿಸುತ್ತಿದ್ದರು. ಸಾಂಬ್ರಾಣಿಯೇ ಆಕೆಯನ್ನು ಚೇತರಿಸುತ್ತಿತ್ತು ಎಂದು ನಾವು ತಿಳಿದರೆ ಅರ್ಧ ವಿಷಯ ಮಾತ್ರ ತಿಳಿದಂತೆ. ಆ ಹೊತ್ತಿಗೆ ಯಾರೋ ಒಬ್ಬರು ಆಕೆಯ ಮೈ ಮುಟ್ಟಿ ತಿಕ್ಕುತ್ತಿದ್ದರು. ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಆಕೆಗೆ ಕೊಟ್ಟಿಗೆ ಕೆಲಸವಿರಲಿಲ್ಲ. ಕಷ್ಟ ಸುಖ ಮಾತಾಡಲು ತಾಯಿಯೋ ಅಕ್ಕನೋ ಹತ್ತಿರವಿರುತ್ತಿದ್ದರು. ಇಂದು ಸೀಸೆ ಮನೆಗೆ ಬಂದಿದೆ, ಆ ಕೈಗಳು ಇಲ್ಲ. ಸುಗಂಧ ತೈಲವನ್ನು ಬಳಸುವವರು ಈ ಮಾತನ್ನು ಮರೆಯಬಾರದು. ತೈಲದ ಜೊತೆಗೆ ವಿಶ್ರಾಂತಿಯೂ ಒಬ್ಬರ ಒಡನಾಟವೂ ಇದ್ದರೆ ಮಾತ್ರ ಅದರ ಫಲ.

ಬಳಸುವ ಸರಿಯಾದ ಕ್ರಮ

1. ಮೂಸುವುದು: ಇದೇ ಎಲ್ಲಕ್ಕಿಂತ ಸುಲಭ ಹಾಗೂ ಹೆಚ್ಚು ಸುರಕ್ಷಿತ ವಿಧಾನ. ಕರವಸ್ತ್ರಕ್ಕೆ ಲ್ಯಾವೆಂಡರ್ ಅಥವಾ ತಮಗೆ ಹಿತವಾದ ತೈಲದ 1–2 ಹನಿ ಹಾಕಿ, ಸಂಜೆ ಕೆಲಸ ಮುಗಿದ ಮೇಲೆ 10–15 ನಿಮಿಷ ಕುಳಿತು ನಿಧಾನವಾಗಿ ಉಸಿರಾಡಿ. ಆ ಹೊತ್ತಿನಲ್ಲಿ ಬೇರೆ ಕೆಲಸ ಬೇಡ.

2. ಮೈಗೆ ಹಚ್ಚುವುದು: ತೈಲವನ್ನು ಹಾಗೆಯೇ ಎಂದೂ ಹಚ್ಚಬಾರದು. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ನೂರಕ್ಕೆ ಒಂದು ಪಾಲಿನಂತೆ ಬೆರೆಸಬೇಕು. ಫ್ಯಾಟಿನ ಲೆಕ್ಕ ಬಲ್ಲ ನಿಮಗೆ ಇದು ಕಷ್ಟವಲ್ಲ. 100 ಮಿ.ಲೀ. ಎಣ್ಣೆಗೆ 1 ಮಿ.ಲೀ., ಅಂದರೆ ಸುಮಾರು 20 ಹನಿ. ಒಂದು ಸಲಕ್ಕೆ 30 ಮಿ.ಲೀ. ಸಾಕೆಂದರೆ 6 ಹನಿ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ, ಉರಿ, ಕೆಂಪು ಕಂಡರೆ ಬಿಟ್ಟುಬಿಡಿ.

3. ಬಿಸಿನೀರಿನಲ್ಲಿ ಕಾಲಿಡುವುದು: ತೈಲ ನೀರಿನಲ್ಲಿ ಕರಗದೆ ಮೇಲೆ ತೇಲಿ ಚರ್ಮಕ್ಕೆ ಅಂಟಿ ಉರಿಸುತ್ತದೆ. ಆದ್ದರಿಂದ 2–3 ಹನಿಯನ್ನು ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಆನಂತರ ನೀರಿಗೆ ಹಾಕಿ.

4. ಖರ್ಚಿಲ್ಲದ ದಾರಿ: ಸೀಸೆ ಕೊಳ್ಳಲೇಬೇಕೆಂದಿಲ್ಲ. ಮುಡಿಗೆ ಮಲ್ಲಿಗೆ, ಹಿತ್ತಲಿನ ಮಜ್ಜಿಗೆ ಹುಲ್ಲನ್ನು ಕುದಿಸಿದ ಕಷಾಯ, ಕೈಯಲ್ಲಿ ಉಜ್ಜಿ ಮೂಸಿದ ತುಳಸಿ ಎಲೆ ಇವೂ ಹಿತ ಕೊಡುತ್ತವೆ.

ಕೊಳ್ಳುವಾಗ ಪರೀಕ್ಷೆ: ಹಾಲಿನಂತೆ ಇದರಲ್ಲಿಯೂ ಕಲಬೆರಕೆ ಉಂಟು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಆರಲು ಬಿಡಿ. ಲ್ಯಾವೆಂಡರ್, ನೀಲಗಿರಿಯಂತಹ ತೈಲ ಶುದ್ಧವಾಗಿದ್ದರೆ ಜಿಡ್ಡಿನ ಕಲೆ ಉಳಿಯುವುದಿಲ್ಲ. ಕಲೆ ಉಳಿದರೆ ಅಡುಗೆ ಎಣ್ಣೆಯಂಥದ್ದು ಬೆರೆತಿರಬಹುದು. ಗಂಧದ ಎಣ್ಣೆ ಬಹಳ ನಿಧಾನವಾಗಿ ಆರುವುದರಿಂದ ಅದಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ. ರಾಸಾಯನಿಕ ಸೆಂಟು ಬೆರೆಸಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇಲ್ಲದ ಸೀಸೆಯನ್ನು ಕೊಳ್ಳಬೇಡಿ.

ಕಡ್ಡಾಯ ಎಚ್ಚರಿಕೆಗಳು

* ಸುಗಂಧ ತೈಲವನ್ನು ಕುಡಿಯಬಾರದು. ಒಂದು ಟೀ ಚಮಚದಷ್ಟು ನೀಲಗಿರಿ ಎಣ್ಣೆಯೂ ಚಿಕ್ಕ ಮಗುವಿನ ಪ್ರಾಣಕ್ಕೆ ಅಪಾಯ ತರಬಲ್ಲದು. ಕರ್ಪೂರವನ್ನು ಮಗು ನುಂಗಿದರೆ ಸ್ವಲ್ಪ ಪ್ರಮಾಣಕ್ಕೇ ಫಿಟ್ಸ್ ಬರಬಹುದು.

* ಮಗು ನುಂಗಿದ್ದು ತಿಳಿದರೆ ವಾಂತಿ ಮಾಡಿಸಬೇಡಿ. ತೈಲ ಶ್ವಾಸಕೋಶಕ್ಕೆ ಹೋಗಿ ಇನ್ನೂ ಕೇಡಾಗುತ್ತದೆ. ಸೀಸೆಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

* ಎರಡು ವರ್ಷದೊಳಗಿನ ಮಕ್ಕಳ ಮೂಗು, ಎದೆ, ಮುಖಕ್ಕೆ ಕರ್ಪೂರ ಅಥವಾ ನೀಲಗಿರಿ ಸೇರಿದ ಎಣ್ಣೆ, ಮುಲಾಮು ಹಚ್ಚಬೇಡಿ.

* ಮೂರ್ಛೆರೋಗ ಇರುವವರು ನೀಲಗಿರಿ, ಕರ್ಪೂರದ ತೈಲ ಮತ್ತು ಮುಲಾಮುಗಳಿಂದ ದೂರವಿರಬೇಕು. ಇವುಗಳ ಬಳಕೆಯ ನಂತರ ಫಿಟ್ಸ್ ಬಂದ ರೋಗಿಗಳ ಬಗ್ಗೆ ಬೆಂಗಳೂರಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳವರೊಡನೆ ಸೇರಿ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ.

* ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಉಬ್ಬಸ ಇರುವವರಿಗೆ ಗಾಢ ವಾಸನೆ ತೊಂದರೆ ಮಾಡಬಹುದು.

* ಮೊಲೆಯೂಡುವ ತಾಯಂದಿರು ಎದೆಯ ಭಾಗಕ್ಕೆ ಯಾವ ತೈಲವನ್ನೂ ಹಚ್ಚಬಾರದು. ಮಲ್ಲಿಗೆಯ ಬಗ್ಗೆ ಒಂದು ಮಾತು: ಎದೆಹಾಲು ನಿಲ್ಲಿಸಲು ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ರೂಢಿ ದಕ್ಷಿಣದಲ್ಲಿದೆ. ವೆಲ್ಲೂರಿನಲ್ಲಿ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಹಾಲನ್ನು ಕಡಿಮೆ ಮಾಡುತ್ತದೆ ಎಂದು ಕಂಡುಬಂದಿದೆ. ಮಗುವಿಗೆ ಹಾಲು ಬೇಕೆನ್ನುವವರು ಎದೆಗೆ ಮಲ್ಲಿಗೆ ಕಟ್ಟಬೇಡಿ.

* ನಿಂಬೆ ಸಿಪ್ಪೆ ಹಿಂಡಿ ತೆಗೆದ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು.

ಕೊಟ್ಟಿಗೆಯಲ್ಲಿ ತೈಲ ಬೇಡ

ಹಾಲಿನ ಜಿಡ್ಡು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಚ್ಚಿದ ಕೈ, ಕೊಟ್ಟಿಗೆಯಲ್ಲಿ ತೆರೆದಿಟ್ಟ ಸೀಸೆ, ಪಕ್ಕದಲ್ಲಿಟ್ಟ ಫಿನಾಯಿಲು ಯಾವುದರಿಂದಲಾದರೂ ಹಾಲು ಕೆಡಬಹುದು. ಹಸು ಉಸಿರಾಡಿದ, ತಿಂದ ಪದಾರ್ಥದ ವಾಸನೆಯೂ ರಕ್ತದ ಮೂಲಕ ಹಾಲಿಗೆ ಇಳಿಯುತ್ತದೆ. ಈರುಳ್ಳಿ ಸೊಪ್ಪು ತಿಂದ ಹಸುವಿನ ಹಾಲು ಕುಡಿದವರಿಗೆ ಇದು ಗೊತ್ತು. ಒಬ್ಬರ ಹಾಲಿನ ವಾಸನೆ ಸಂಘದ ಕ್ಯಾನಿನಲ್ಲಿ ಎಲ್ಲರ ಹಾಲಿಗೂ ಸೇರುತ್ತದೆ. ಆದ್ದರಿಂದ ತೈಲ ಬಳಸುವುದಿದ್ದರೆ ಸಂಜೆಯ ಹಾಲು ಸಂಘಕ್ಕೆ ಹಾಕಿ ಬಂದ ಮೇಲೆ ಬಳಸಿ. ಬೆಳಿಗ್ಗೆ ಕರೆಯುವ ಮುಂಚೆ ಸೋಪಿನಿಂದ ಮೊಣಕೈವರೆಗೆ ತೊಳೆದುಕೊಳ್ಳಿ. ಕೆಚ್ಚಲಿಗೆ ಮುಲಾಮು ಹಚ್ಚಲು ಪಶುವೈದ್ಯರು ಹೇಳಿದ್ದರೆ ಕರೆದ ನಂತರ ಹಚ್ಚಿ, ಮುಂದಿನ ಸಲ ಚೆನ್ನಾಗಿ ತೊಳೆದು ಒರೆಸಿ ಕರೆಯಿರಿ.

ತೈಲ ಸಾಲದ ಸಮಯ ಯಾವುದು?

ದಣಿವು, ಒಂದೆರಡು ದಿನದ ಬೇಸರ, ಅತ್ತೆ ಸೊಸೆಯ ಮಾತಿನ ನೋವು ಯಾರಿಗೂ ತಪ್ಪಿದ್ದಲ್ಲ. ಹೆರಿಗೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದೂ ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಸರಿಹೋಗುತ್ತದೆ. ಆದರೆ ಕೆಳಗಿನ ಲಕ್ಷಣಗಳಲ್ಲಿ ಹಲವು ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು ಕಂಡರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು:

- ಸದಾ ದುಃಖ, ಅಳು ಅಥವಾ ಏನೂ ಅನ್ನಿಸದ ಮಂಕು.
- ಮೊದಲು ಇಷ್ಟವಿದ್ದ ಕೆಲಸದಲ್ಲಿಯೂ ಆಸಕ್ತಿ ಇಲ್ಲದಿರುವುದು.
- ಮಗು ಮಲಗಿದ್ದರೂ ತನಗೆ ನಿದ್ರೆ ಬಾರದಿರುವುದು, ಬೆಳಗಿನ ಜಾವ ಎಚ್ಚರವಾಗುವುದು.
- ಊಟ ಸೇರದಿರುವುದು, ಕೈಕಾಲು ಸೋತು ಹೋಗುವುದು.
- "ನನ್ನಿಂದ ಏನೂ ಆಗದು, ನಾನು ಮನೆಗೆ ಭಾರ" ಎಂಬ ಯೋಚನೆ.
- ಬದುಕೇ ಬೇಡ ಎನಿಸುವುದು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಎಂಬ ಭಯ. ಇದಕ್ಕೆ ಎರಡು ವಾರ ಕಾಯಬೇಡಿ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಭಾರತದ ಹಲವು ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಖಿನ್ನತೆ ಬರುತ್ತದೆ. ಐವರಲ್ಲಿ ಒಬ್ಬರು ಎಂದಾಯಿತು. ಇದು ಸೋಮಾರಿತನವಲ್ಲ, ಗಾಳಿಯಲ್ಲ, ಯಾರ ತಪ್ಪೂ ಅಲ್ಲ. ಕರು ಹಾಕಿದ ಹಸು ಸುಣ್ಣದಂಶ ಇಳಿದು ಮಲಗಿಬಿಟ್ಟರೆ ಅದನ್ನು ಯಾರೂ ಬಯ್ಯುವುದಿಲ್ಲ, ಡಾಕ್ಟರಿಗೆ ಹೇಳಿಕಳಿಸುತ್ತೀರಿ. ಮನೆಯ ತಾಯಿಗೂ ಅಷ್ಟೇ ಕಾಳಜಿ ಸಲ್ಲಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಇಂಥ ಲಕ್ಷಣಗಳು ಬರುವುದರಿಂದ ರಕ್ತ ಪರೀಕ್ಷೆಯೂ ಅಗತ್ಯ.

ಸಹಾಯ ಎಲ್ಲಿ ಸಿಗುತ್ತದೆ?

ಹಳ್ಳಿಯವರಿಗೆ ಹತ್ತಿರದಲ್ಲೇ ಮನೋಚಿಕಿತ್ಸೆ ಸಿಗಬೇಕೆಂಬ ಪ್ರಯೋಗದಲ್ಲಿ ನಮ್ಮ ರಾಜ್ಯದ್ದು ದೊಡ್ಡ ಪಾಲು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಅಲ್ಲಿಯೇ ಚಿಕಿತ್ಸೆ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು. ಆದ್ದರಿಂದ ಮೊದಲು ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಹೊರಗೆ ಹೋಗಲು ಸಂಕೋಚವಿದ್ದವರು 14416 ಸಂಖ್ಯೆಗೆ ಕರೆ ಮಾಡಬಹುದು. ಇದು ಅಕ್ಟೋಬರ್ 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸೇವೆ. ಹಗಲು ರಾತ್ರಿ ಲಭ್ಯ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಹೊಡೆತ ಬಡಿತ ಇರುವ ಮನೆಯಲ್ಲಿ ತೈಲದಿಂದ ಸಮಾಧಾನ ಸಿಗುವುದಿಲ್ಲ. ಅಂಥ ಸಹೋದರಿಯರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮನೆಯ ಗಂಡಸರಿಗೆ ಒಂದು ಮಾತು

ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ, ಅಡುಗೆ ಮಾಡಿ, ಮೇವು ತಂದು, ಮತ್ತೆ ಸಂಜೆ ಕರೆಯುತ್ತಾರೆ. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಪಾಸ್ ಪುಸ್ತಕ ಮಾತ್ರ ಅನೇಕ ಮನೆಗಳಲ್ಲಿ ಗಂಡಸರ ಜೇಬಿನಲ್ಲಿರುತ್ತದೆ. ವಾರಕ್ಕೆ ನಾಲ್ಕು ಹೊತ್ತಾದರೂ ನೀವೇ ಹಾಲು ಕರೆಯಿರಿ. ಹಸುವಿಗೆ ನಿಮ್ಮ ಕೈಯ ಪರಿಚಯವಾದರೆ ಮನೆಯಾಕೆ ಕಾಯಿಲೆ ಬಿದ್ದಾಗ ಹಾಲು ನಿಲ್ಲುವುದಿಲ್ಲ. ಬಟವಾಡೆಯ ಹಣದಲ್ಲಿ ಆಕೆಯ ಕೈಗೂ ಒಂದು ಪಾಲು ಕೊಡಿ. ಬೆಳೆಗೆ ಹೊಡೆಯುವ ಔಷಧಿಗಳನ್ನು ಮನೆಯೊಳಗೆ ಇಡಬೇಡಿ; ಇಡಲೇಬೇಕಾದರೆ ಬೀಗ ಹಾಕಿ ಕೀಲಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ತೈಲ ನೈಸರ್ಗಿಕವಲ್ಲವೇ? ಅಡ್ಡ ಪರಿಣಾಮ ಹೇಗೆ?
ಉತ್ತರ: ಎಕ್ಕದ ಹಾಲು, ಹರಳು ಬೀಜವೂ ನೈಸರ್ಗಿಕವೇ. ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ಪ್ರಮಾಣ ಮುಖ್ಯ.

ಪ್ರಶ್ನೆ: ಮಜ್ಜಿಗೆ ಹುಲ್ಲಿನ ಕಷಾಯ ಕುಡಿಯಬಹುದಾದರೆ ಅದರ ತೈಲ ಏಕೆ ಕುಡಿಯಬಾರದು?
ಉತ್ತರ: ಕಷಾಯಕ್ಕೆ ನಾಲ್ಕು ಎಸಳು ಹಾಕುತ್ತೀರಿ, ಅದರಲ್ಲಿ ತೈಲದ ಅಂಶ ಅತಿ ಸ್ವಲ್ಪ. ಸೀಸೆಯ ತೈಲ ಅದೇ ಹುಲ್ಲಿನ ನೂರಾರು ಪಟ್ಟು ಗಾಢ ರೂಪ.

ಪ್ರಶ್ನೆ: ಮನೋವೈದ್ಯರು ಕೊಟ್ಟ ಮಾತ್ರೆ ಬಿಟ್ಟು ತೈಲ ಬಳಸಬಹುದೇ?
ಉತ್ತರ: ಬೇಡ. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ತೈಲ ಮೂಸುವ ಅಭ್ಯಾಸವಿದ್ದರೆ ಅವರಿಗೆ ತಿಳಿಸಿ. ಮೊಲೆಯೂಡುವವರಿಗೆ ಹೊಂದುವ ಮಾತ್ರೆಗಳೂ ಇವೆ; ಮಗುವಿಗೆ ಹಾಲು ಕೊಡುತ್ತಿರುವುದನ್ನು ಹೇಳಿ.

ಪ್ರಶ್ನೆ: ಹಸುವಿಗೆ ಸುಗಂಧ ತೈಲ ಹಚ್ಚಿದರೆ ಹಾಲು ಜಾಸ್ತಿಯಾಗುತ್ತದೆಯೇ?
ಉತ್ತರ: ಆ ಆಸೆಗೆ ಹಣ ಕಳೆಯಬೇಡಿ. ಮೇವು, ನೀರು, ಖನಿಜ ಮಿಶ್ರಣ ಕೊಡಿ. ಹಸುವನ್ನು ಹೊಡೆಯದೆ, ಕೂಗಾಡದೆ ಕರೆಯಿರಿ.

ಆ ಸದಸ್ಯೆಗೆ ಏನಾಯಿತು?

ಅಂದು ನಾನು ಕೊಟ್ಟಿಗೆಯಲ್ಲಿ ನಿಂತಿದ್ದೆ. ನಮ್ಮ ವಿಸ್ತರಣಾಧಿಕಾರಿ ಆಕೆಯ ಪಕ್ಕ ಕುಳಿತು ಕೈ ಹಿಡಿದು ವಿಚಾರಿಸಿದರು. ಗಂಡ ಪೇಟೆಯಲ್ಲಿ ಲಾರಿ ಡ್ರೈವರು, ವಾರಕ್ಕೊಮ್ಮೆ ಬರುವವರು. ಅತ್ತೆಗೆ ಕಣ್ಣು ಕಾಣದು. ಎರಡು ತಿಂಗಳಿಂದ ಸರಿಯಾಗಿ ನಿದ್ರೆ ಇಲ್ಲ. "ಒಂದೊಂದ್ಸಲ ಬದುಕೇ ಬ್ಯಾಡ ಅನ್ನಿಸ್ತದೆ ಅಕ್ಕ. ಯಾರಿಗೇಳಲಿ?" ಎಂದರು. ಅದನ್ನು ಕೇಳಿದ ಮೇಲೆ ನಾವು ತಡಮಾಡಲಿಲ್ಲ. ನೆರೆಮನೆಯವರು ಮಗುವನ್ನು ಎತ್ತಿಕೊಂಡು ಜೊತೆಗೆ ಬಂದರು. ಅದೇ ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಗೆ ಹೋದೆವು.

ರಕ್ತ ಕಡಿಮೆಯಿತ್ತು, ಖಿನ್ನತೆಯೂ ಇತ್ತು. ಎರಡಕ್ಕೂ ಚಿಕಿತ್ಸೆ ಆರಂಭವಾಯಿತು. ತವರಿನಿಂದ ತಾಯಿ ಬಂದು ಒಂದೂವರೆ ತಿಂಗಳು ಇದ್ದರು. ಗಂಡ ಊರ ಹತ್ತಿರವೇ ಕೆಲಸ ಹುಡುಕಿಕೊಂಡು ಬೆಳಗಿನ ಹಾಲನ್ನು ತಾವೇ ಕರೆಯಲು ಕಲಿತರು. ಮೊದಲ ವಾರ ಹಸು ಒದ್ದದ್ದನ್ನು ಅವರೇ ನಗುತ್ತಾ ಹೇಳಿದರು. ಎರಡು ಮೂರು ತಿಂಗಳಲ್ಲಿ ಆಕೆ ಚೇತರಿಸಿಕೊಂಡರು. ವೈದ್ಯರು ಹೇಳಿದಷ್ಟು ಕಾಲ ಮಾತ್ರೆ ತೆಗೆದುಕೊಂಡು ಆಮೇಲೆ ಅವರ ಸಲಹೆಯಂತೆ ನಿಲ್ಲಿಸಿದರು.

ಮುಂದಿನ ವರ್ಷ ಸಂಘದ ಸಭೆಗೆ ಹೋದಾಗ ಆಕೆ ಸಿಕ್ಕಿದರು. ಮುಡಿಯಲ್ಲಿ ಒಂದು ಮೊಳ ಮಲ್ಲಿಗೆ ಇತ್ತು. "ಆ ಸೀಸೆ ಏನ್ ಮಾಡಿದಿರಿ ತಾಯಿ?" ಎಂದು ಕೇಳಿದೆ. "ಮಗೀನ ಕೈಗೆ ಸಿಗದಂಗೆ ಅಟ್ಟದ ಮ್ಯಾಲೆ ಇಟ್ಟಿವ್ನಿ ಡಾಕ್ಟ್ರೇ. ನೆಗಡಿಯಾದಾಗ ನಾನೊಬ್ಳೇ ಮೂಸ್ತೀನಿ. ಹಾಲ್ ಕರ್ದಾದ್ಮೇಲೆ" ಎಂದರು.

ನೆನಪಿಡಿ

1. ಸುಗಂಧ ತೈಲ ಮೂಸಲು, ಕುಡಿಯಲು ಅಲ್ಲ.
2. ಹಚ್ಚುವುದಾದರೆ ನೂರಕ್ಕೆ ಒಂದು ಪಾಲು, ಜಿಡ್ಡಿನ ಎಣ್ಣೆಯಲ್ಲಿ ಬೆರೆಸಿ.
3. ಮಕ್ಕಳ ಕೈಗೆ ಸಿಗದಂತೆ ಇಡಿ, ಕೊಟ್ಟಿಗೆಯಲ್ಲಿ ಇಡಬೇಡಿ.
4. ತೈಲದ ಜೊತೆಗೆ ವಿಶ್ರಾಂತಿ, ಮಾತಾಡಲು ಒಬ್ಬರು ಇರಲಿ.
5. ಎರಡು ವಾರ ದಾಟಿದ ದುಃಖಕ್ಕೆ ವೈದ್ಯರು. ಬದುಕು ಬೇಡವೆನಿಸಿದರೆ ಅಂದೇ ವೈದ್ಯರು. ದೂರವಾಣಿ 14416.

ಹಾಲಿನ ವಾಸನೆ ಬದಲಾದರೆ ಪರೀಕ್ಷಕರು ಕೂಡಲೇ ಗುರುತಿಸುತ್ತಾರೆ. ಹಾಲು ತಂದವರ ಮುಖ ಬಾಡಿದ್ದರೆ ಸಾಲಿನಲ್ಲಿ ಪಕ್ಕದಲ್ಲಿ ನಿಂತವರು ಗುರುತಿಸಬೇಕು. ನಾಳೆ ಬೆಳಿಗ್ಗೆ ಸಂಘದಲ್ಲಿ ಅಂಥ ಮುಖ ಕಂಡರೆ "ಯಾಕವ್ವ, ಹುಷಾರಿಲ್ವಾ?" ಎಂದು ಕೇಳಿ. ಸಹಕಾರ ಎಂದರೆ ಅದೂ ಸೇರಿಯೇ.

– ಪಶುವೈದ್ಯ ವಿಸ್ತರಣಾಧಿಕಾರಿ, ಜಿಲ್ಲಾ ಸಹಕಾರಿ ಹಾಲು ಒಕ್ಕೂಟ